ತಂದೆಯ ಹೆಸರು ಖಾಲಿಯೇ? ಸ್ಕಾಟ್ಲೆಂಡಿನ ವಂಶಶೋಧಕರಿಗೆ 10 ಸೂತ್ರಗಳು

ಸ್ಕಾಟ್ಲೆಂಡಿನಲ್ಲಿ ಪೂರ್ವಿಕರನ್ನು ಹುಡುಕುವವರಲ್ಲಿ ಅನೇಕರು ಒಂದೇ ಕಡೆ ಬಂದು ನಿಲ್ಲುತ್ತಾರೆ. ಜನನ ದಾಖಲೆಯಲ್ಲಿ ಮಗುವಿನ ಹೆಸರಿದೆ, ತಾಯಿಯ ಹೆಸರಿದೆ, ತಂದೆಯ ಜಾಗ ಮಾತ್ರ ಖಾಲಿ. ಅಲ್ಲಿಗೇ ಕೈಚೆಲ್ಲಬೇಡಿ. 19ನೆಯ ಶತಮಾನದಲ್ಲಿ ಹೊಲಗೆಲಸ, ಮನೆಗೆಲಸ ಮಾಡಿಕೊಂಡಿದ್ದ ಎಷ್ಟೋ ಅವಿವಾಹಿತ ತಾಯಂದಿರು ಮಗುವಿನ ತಂದೆಯ ಮೇಲೆ ದಾವೆ ಹೂಡಿ ಶೆರಿಫ್ ಕೋರ್ಟ್ ಎಂಬ ಸ್ಥಳೀಯ ನ್ಯಾಯಾಲಯದ ಮೆಟ್ಟಿಲೇರಿದ್ದರು. ಆ ಕಾಗದಗಳು ಬಹಳಷ್ಟು ಉಳಿದಿವೆ. ಅವನ್ನು ಪತ್ತೆ ಹಚ್ಚಿ ಬಳಸುವ ಕ್ರಮ ಇಲ್ಲಿದೆ.

1. ಜಾಗ ಏಕೆ ಖಾಲಿ ಎಂದು ಮೊದಲು ತಿಳಿಯಿರಿ
ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1855ರ ಜನವರಿ 1ರಂದು. ತಂದೆ ತಾಯಿ ಮದುವೆಯಾಗಿರದಿದ್ದರೆ, ಆತ ತಾನೇ ತಾಯಿಯ ಜೊತೆ ಬಂದು ಸಹಿ ಹಾಕಿದಾಗ ಮಾತ್ರ ರಿಜಿಸ್ಟ್ರಾರ್ ಅವನ ಹೆಸರನ್ನು ಬರೆದುಕೊಳ್ಳುತ್ತಿದ್ದರು. ಹಾಗಾಗಿ ಜಾಗ ಖಾಲಿಯಿದ್ದ ಮಾತ್ರಕ್ಕೆ ತಂದೆ ಯಾರೆಂದು ತಾಯಿಗೆ ಗೊತ್ತಿರಲಿಲ್ಲ ಎಂದು ತೀರ್ಮಾನಿಸಬೇಡಿ. ಆತ ಸಹಿ ಹಾಕಿಲ್ಲ ಎಂಬುದಷ್ಟೇ ಅದರಿಂದ ತಿಳಿಯುವ ಸಂಗತಿ.

2. ದಾಖಲೆಯ ಅಂಚನ್ನು ಬಿಡದೆ ಓದಿ
ಸರ್ಕಾರದ ಅಧಿಕೃತ ಜಾಲತಾಣ ‘ಸ್ಕಾಟ್ಲೆಂಡ್ಸ್ ಪೀಪಲ್’ನಲ್ಲಿ 100 ವರ್ಷ ದಾಟಿದ ಜನನ ದಾಖಲೆಗಳ ಚಿತ್ರಗಳು ಸಿಗುತ್ತವೆ. ಅಕ್ಷರಕ್ಕಿಳಿಸಿದ ಸಾರಾಂಶ ಸಾಲದು, ಮೂಲ ಪುಟದ ಚಿತ್ರವನ್ನೇ ತೆಗೆಯಿರಿ. ಕೋರ್ಟು ಪಿತೃತ್ವವನ್ನು ನಿರ್ಣಯಿಸಿದ್ದರೆ ಆ ಸಂಗತಿ ‘ರಿಜಿಸ್ಟರ್ ಆಫ್ ಕರೆಕ್ಟೆಡ್ ಎಂಟ್ರೀಸ್’ ಎಂಬ ತಿದ್ದುಪಡಿ ಪುಸ್ತಕಕ್ಕೆ ಸೇರಿ, ಜನನ ದಾಖಲೆಯ ಅಂಚಿನಲ್ಲಿ ಅದರ ಉಲ್ಲೇಖ ಬೀಳುತ್ತಿತ್ತು. ತಿದ್ದುಪಡಿಯ ಆ ಕೆಲವೇ ಸಾಲುಗಳಲ್ಲಿ ತಾಯಿಯ ಹೆಸರು ಮತ್ತು ಕಸುಬು, ತಂದೆಯ ಹೆಸರು ಮತ್ತು ಕಸುಬು, ಕೋರ್ಟು, ತೀರ್ಪಿನ ದಿನಾಂಕ ಎಲ್ಲವೂ ಸಿಗುತ್ತವೆ.

3. ತಿದ್ದುಪಡಿ ಇಲ್ಲವೆಂದು ದಾವೆಯೇ ಇಲ್ಲ ಎನ್ನಬೇಡಿ
ಪ್ರತಿಯೊಂದು ತೀರ್ಪೂ ರಿಜಿಸ್ಟ್ರಾರರ ಪುಸ್ತಕಕ್ಕೆ ತಲುಪಲಿಲ್ಲ. ಕೆಲವು ದಾವೆಗಳು ನಡುವೆಯೇ ರಾಜಿಯಾದವು. ಅಂಚು ಖಾಲಿಯಿದ್ದರೂ ಕೋರ್ಟಿನ ದಾಖಲೆಯನ್ನು ನೇರವಾಗಿ ಹುಡುಕಿ. ಮಗು ಹುಟ್ಟುವ ಕೆಲವು ತಿಂಗಳ ಮೊದಲಿನಿಂದ ಹಿಡಿದು ಹುಟ್ಟಿದ ಕೆಲವು ವರ್ಷಗಳವರೆಗೆ ನೋಡಿ. ಕೆಲವು ಕೋರ್ಟುಗಳ ಪಿತೃತ್ವದ ದಾವೆಗಳಿಗೆ ವಂಶಶೋಧಕರು ಹೆಸರುಗಳ ಸೂಚಿ ತಯಾರಿಸಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಮೊದಲು ಅಲ್ಲಿ ನೋಡಿದರೆ ಸಮಯ ಉಳಿಯುತ್ತದೆ.

4. ಮಗು ಹುಟ್ಟಿದ ಊರಿಗಿಂತ ಗಂಡಸಿದ್ದ ಊರಿನ ಕೋರ್ಟು ಮುಖ್ಯ
ದಾವೆ ಸಾಮಾನ್ಯವಾಗಿ ಪ್ರತಿವಾದಿ ವಾಸವಿದ್ದ ಪ್ರದೇಶದ ಶೆರಿಫ್ ಕೋರ್ಟಿನಲ್ಲಿ ನಡೆಯುತ್ತಿತ್ತು. ಹೆರಿಗೆಗೆ ತವರಿಗೆ ಹೋದ ಹುಡುಗಿಯ ಮಗು ಒಂದು ಕೌಂಟಿಯಲ್ಲಿ ಹುಟ್ಟಿ, ದಾವೆ ಇನ್ನೊಂದರಲ್ಲಿ ನಡೆದಿರಬಹುದು. ಹೊಲದಾಳುಗಳನ್ನು ಆರು ತಿಂಗಳ ಅಥವಾ ವರ್ಷದ ಕರಾರಿಗೆ ಹಿಡಿಯುತ್ತಿದ್ದರು; ಮೇ ತಿಂಗಳಲ್ಲೋ ನವೆಂಬರಿನಲ್ಲೋ ಅವರು ಒಂದು ಫಾರಂ ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದರು. ಗರ್ಭ ನಿಂತ ಕಾಲಕ್ಕೆ ತಾಯಿ ಯಾವ ಫಾರಮ್ಮಿನಲ್ಲಿ ಕೆಲಸಕ್ಕಿದ್ದಳು ಎಂದು ಕಂಡುಕೊಳ್ಳಿ. 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಗಳು ಇದಕ್ಕೆ ನೆರವಾಗುತ್ತವೆ. ವಿವಾಹದ ಹೊರಗಿನ ಜನನಗಳ ಪ್ರಮಾಣ ಹೆಚ್ಚಿದ್ದ ಈಶಾನ್ಯದ ಬ್ಯಾನ್ಫ್, ಅಬರ್ಡೀನ್ ಮತ್ತು ನೈಋತ್ಯದ ವಿಗ್‌ಟನ್ ಕಡೆಯ ಕುಟುಂಬಗಳಿಗೆ ಈ ಸೂತ್ರ ಬಹಳ ಮುಖ್ಯ.

5. ತೀರ್ಪಿಗೆ ತೃಪ್ತರಾಗದೆ ಪೂರ್ತಿ ಕಡತ ತರಿಸಿ
ಶೆರಿಫ್ ಕೋರ್ಟುಗಳ ಹಳೆಯ ದಾಖಲೆಗಳಲ್ಲಿ ಹೆಚ್ಚಿನವು ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡಿನಲ್ಲಿವೆ. ಅವುಗಳ ಕ್ರಮಸಂಖ್ಯೆ ‘ಎಸ್‌ಸಿ’ ಎಂದು ಆರಂಭವಾಗುತ್ತದೆ. ಕ್ಯಾಟಲಾಗಿನಲ್ಲಿ ವಾದಿಯನ್ನು ‘ಪರ್ಸೂಅರ್’, ಪ್ರತಿವಾದಿಯನ್ನು ‘ಡಿಫೆಂಡರ್’, ಈ ಬಗೆಯ ದಾವೆಯನ್ನು ‘ಅಫಿಲಿಯೇಷನ್ ಅಂಡ್ ಅಲಿಮೆಂಟ್’ ಎಂದು ಹುಡುಕಿ. ತೀರ್ಪಿನಲ್ಲಿ ಬಾಣಂತನದ ಖರ್ಚೆಷ್ಟು, ವರ್ಷಕ್ಕೆ ಜೀವನಾಂಶವೆಷ್ಟು, ಮಗುವಿಗೆ ಎಷ್ಟು ವಯಸ್ಸಾಗುವವರೆಗೆ ಎಂಬ ವಿವರವಿರುತ್ತದೆ. ಕಡತ ಉಳಿದಿದ್ದರೆ ಅದರಲ್ಲಿ ಇನ್ನೂ ಬಹಳಷ್ಟಿರುತ್ತದೆ: ತಾಯಿಯ ಹೇಳಿಕೆ, ಆತನ ಉತ್ತರ, ಜೊತೆಗೆಲಸದವರ ಸಾಕ್ಷ್ಯ, ಕೆಲವೊಮ್ಮೆ ಪ್ರೇಮಪತ್ರಗಳು. ಬೇರಾವ ದಾಖಲೆಯಲ್ಲೂ ಮಾತಾಡದ ಬಡ ಹೆಣ್ಣುಮಗಳೊಬ್ಬಳ ದನಿ ಇಲ್ಲಿ ಕೇಳುತ್ತದೆ.

6. 1855ಕ್ಕಿಂತ ಹಿಂದಿನದಕ್ಕೆ ಚರ್ಚಿನ ಕಡತ ತೆರೆಯಿರಿ
ಪ್ರತಿ ಪ್ಯಾರಿಷ್ಷಿನಲ್ಲೂ (ಚರ್ಚಿನ ವಲಯದಲ್ಲೂ) ಪಾದ್ರಿ ಮತ್ತು ಹಿರಿಯರು ಸೇರಿದ ‘ಕರ್ಕ್ ಸೆಷನ್’ ಎಂಬ ಪಂಚಾಯ್ತಿ ಇತ್ತು. ಮದುವೆಯಾಗದೆ ಬಸುರಾದವಳನ್ನು ಅದು ಕರೆಸಿ ತಂದೆಯ ಹೆಸರು ಕೇಳುತ್ತಿತ್ತು, ಆತನನ್ನೂ ಕರೆಸುತ್ತಿತ್ತು. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಜೀನ್ ಆರ್ಮರ್ ಗರ್ಭಿಣಿಯಾದಾಗ ಮಾಕ್ಲಿನ್ ಚರ್ಚಿನಲ್ಲಿ ಎಲ್ಲರೆದುರು ನಿಂತು ಛೀಮಾರಿ ಕೇಳಬೇಕಾಯಿತು. ಈ ನಡಾವಳಿ ಪುಸ್ತಕಗಳಲ್ಲಿ ಬಹಳಷ್ಟರ ಚಿತ್ರಗಳನ್ನು ಸ್ಕಾಟ್ಲೆಂಡ್ಸ್ ಪೀಪಲ್‌ನಲ್ಲಿ ಉಚಿತವಾಗಿ ಓದಬಹುದು. ಹೆಸರಿನ ಸೂಚಿ ಇಲ್ಲ; ಹೆರಿಗೆಯ ತಿಂಗಳು ಹಿಡಿದು ಪುಟ ತಿರುಗಿಸಬೇಕು.

7. ಬಡವರ ನೆರವಿನ ಅರ್ಜಿಗಳನ್ನು ಮರೆಯಬೇಡಿ
1845ರ ಬಡವರ ಕಾಯ್ದೆಯ ನಂತರ ಪ್ಯಾರಿಷ್ ಇನ್‌ಸ್ಪೆಕ್ಟರರು ನೆರವು ಕೇಳಿ ಬಂದವರ ಪೂರ್ವಾಪರವನ್ನೆಲ್ಲ ಬರೆದಿಟ್ಟುಕೊಂಡರು. ಮಗುವಿನ ತಂದೆ ಯಾರು, ಆತ ಹಣ ಕೊಡುತ್ತಿದ್ದಾನೆಯೇ ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲಿರುವ ನಗರ ಪತ್ರಾಗಾರ ಇಂಥ ಅರ್ಜಿಗಳಿಗೆ ಹೆಸರುವಾಸಿ.

8. ನಡುಹೆಸರು, ಮಲತಂದೆ ಎರಡನ್ನೂ ಗಮನಿಸಿ
ತಂದೆಯ ಮನೆತನದ ಹೆಸರನ್ನು ತಾಯಿ ಮಗುವಿನ ನಡುಹೆಸರಾಗಿ ಇಡುವುದು ಸಾಮಾನ್ಯವಾಗಿತ್ತು. ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳ ಕಾಲದ ಪ್ರಧಾನಿಯಾಗಿ ನಮ್ಮವರಿಗೆ ಪರಿಚಿತರಾದ ರಾಮ್ಸೇ ಮ್ಯಾಕ್‌ಡೊನಾಲ್ಡ್ 1866ರಲ್ಲಿ ಲಾಸಿಮೌತ್‌ನಲ್ಲಿ ಅವಿವಾಹಿತೆ ಆ್ಯನ್ ರಾಮ್ಸೇ ಮಗನಾಗಿ ಹುಟ್ಟಿದರು. ನೋಂದಣಿಯಾದ ಹೆಸರು ಜೇಮ್ಸ್ ಮ್ಯಾಕ್‌ಡೊನಾಲ್ಡ್ ರಾಮ್ಸೇ. ತಂದೆ ಹೊಲದಾಳು ಜಾನ್ ಮ್ಯಾಕ್‌ಡೊನಾಲ್ಡ್. ಕಾರ್ಮಿಕ ನಾಯಕ ಕೀರ್ ಹಾರ್ಡಿಯವರದು ಬೇರೆ ಬಗೆ. 1856ರಲ್ಲಿ ಮೇರಿ ಕೀರ್ ಎಂಬ ಅವಿವಾಹಿತೆಗೆ ಹುಟ್ಟಿದ ಅವರಿಗೆ ‘ಹಾರ್ಡಿ’ ಬಂದದ್ದು ಮಲತಂದೆಯಿಂದ. ಆದ್ದರಿಂದ ಹೆಸರನ್ನು ಸುಳಿವಾಗಿ ಹಿಡಿಯಿರಿ, ಪುರಾವೆ ಎನ್ನಬೇಡಿ.

9. ನಂತರದ ಮದುವೆಯನ್ನು ಹುಡುಕಿ
ಗರ್ಭಧಾರಣೆಯ ಕಾಲಕ್ಕೆ ಇಬ್ಬರೂ ಮದುವೆಯಾಗಲು ಮುಕ್ತರಾಗಿದ್ದು, ಆಮೇಲೆ ಪರಸ್ಪರ ಮದುವೆಯಾದರೆ ಸ್ಕಾಟಿಷ್ ಕಾನೂನು ಆ ಮಗುವನ್ನು ವಿವಾಹಜನ್ಯ ಎಂದೇ ಪರಿಗಣಿಸುತ್ತಿತ್ತು. ಇಂಗ್ಲೆಂಡಿಗೆ ಈ ನಿಯಮ ಬಂದದ್ದು 1926ರಲ್ಲಿ. ಹಾಗಾಗಿ ಜನನದ ಮುಂದಿನ ವರ್ಷಗಳ ಮದುವೆ ದಾಖಲೆಗಳನ್ನೂ ನೋಡಿ. ಮಗುವಿನ ಸ್ವಂತ ಮದುವೆಯ ದಾಖಲೆಯಲ್ಲಿ ತಂದೆಯ ಹೆಸರು ಮೊದಲ ಸಲ ಕಾಣಿಸಿಕೊಳ್ಳುವುದೂ ಉಂಟು. ಮರ್ಯಾದೆಗಂಜಿ ಕಲ್ಪಿಸಿ ಬರೆಸಿದ ಹೆಸರೂ ಅದಾಗಿರಬಹುದು.

10. ಕೋರ್ಟಿನ ಮಾತನ್ನೂ ಪರೀಕ್ಷಿಸಿ
ಅಂದಿನ ಶೆರಿಫ್ ನ್ಯಾಯಾಧೀಶರ ಮುಂದೆ ರಕ್ತಪರೀಕ್ಷೆ ಇರಲಿಲ್ಲ, ಸಾಕ್ಷ್ಯವಷ್ಟೇ ಇತ್ತು. ಪ್ರತಿವಾದಿ ಬಾರದೆ ಏಕಪಕ್ಷೀಯವಾಗಿ ಆದ ತೀರ್ಪುಗಳೂ ಇವೆ. ಸಾಧ್ಯವಾದರೆ ಡಿಎನ್‌ಎ ಪರೀಕ್ಷೆ ಮಾಡಿಸಿ, ಪ್ರತಿವಾದಿಯ ಒಡಹುಟ್ಟಿದವರ ಸಂತತಿಯ ಜೊತೆ ಹೊಂದಿಕೆ ಇದೆಯೇ ನೋಡಿ. ಕಾಗದ ಮತ್ತು ಡಿಎನ್‌ಎ ಎರಡೂ ಒಂದೇ ಮನೆಯತ್ತ ಬೊಟ್ಟು ಮಾಡಿದರೆ ಧೈರ್ಯವಾಗಿ ಆ ಹೆಸರನ್ನು ವಂಶವೃಕ್ಷಕ್ಕೆ ಸೇರಿಸಿ.

ಕೊನೆಯದಾಗಿ ಒಂದು ಮಾತು. ಈ ಕಡತಗಳಲ್ಲಿ ನಮ್ಮ ಮುತ್ತಜ್ಜಿಯರ ಕಳಂಕ ಹುಡುಕಬೇಡಿ. ಸಂಬಳವೂ ಸಾಲದ ಹುಡುಗಿಯೊಬ್ಬಳು ತನ್ನ ಮಗುವಿನ ಅನ್ನಕ್ಕಾಗಿ ಊರಿನ ಬಾಯಿಗೆ ಹೆದರದೆ ನ್ಯಾಯ ಕೇಳಿದಳು. ತಂದೆಯ ಹೆಸರು ಇಂದು ನಿಮಗೆ ಸಿಗುವುದು ಅವಳು ಅಂದು ಹಟ ಹಿಡಿದಿದ್ದರಿಂದ. ವಂಶವೃಕ್ಷ ಬರೆಯುವಾಗ ಅವಳ ಹೆಸರನ್ನು ಗೌರವದಿಂದ ಬರೆಯಿರಿ, ಅವಳು ಗೆದ್ದ ದಾವೆಯನ್ನೂ ಅದರ ಪಕ್ಕದಲ್ಲೇ ನಮೂದಿಸಿ.