ಹೊಸ ವಿಂಡೋಸ್‌ಗೆ ಹಣ ಕೊಡುವ ಮುನ್ನ

ಗಣಕದ ಯಂತ್ರಭಾಗಗಳಿಗೂ ಬಳಕೆದಾರರ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಅದರ ಹೊಸ ಆವೃತ್ತಿ ಹಾಕಿಸಿದರೆ ವೇಗ ಹೆಚ್ಚುತ್ತದೆಯೇ ಎಂಬುದು, ಪ್ರೊಸೆಸರ್‌ನ ಒಳರಚನೆಯಲ್ಲಿ ಹಳೆಯ ಆವೃತ್ತಿಗೆ ತಿಳಿಯದ ಹೊಸತೇನಾದರೂ ಇದೆಯೇ ಎಂಬುದರ ಮೇಲೆ ನಿಂತಿದೆ.

ಇಂಟೆಲ್ 2021ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ತಂದ 12ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಅಂಥ ಹೊಸತು ನಿಜಕ್ಕೂ ಇತ್ತು. ಐ9-12900ಕೆ ಎಂಬುದರಲ್ಲಿ ಭಾರವಾದ ಕೆಲಸಕ್ಕೆಂದು 8 ವೇಗದ ಕೋರ್‌ಗಳೂ, ಕಡಿಮೆ ವಿದ್ಯುತ್ತಿನಲ್ಲಿ ಹಗುರ ಕೆಲಸ ಮುಗಿಸಲೆಂದು 8 ಸಣ್ಣ ಕೋರ್‌ಗಳೂ ಇದ್ದು, ಯಾವ ಕೆಲಸಕ್ಕೆ ಯಾವ ಕೋರ್ ತಕ್ಕದ್ದೆಂಬ ಸುಳಿವನ್ನು ‘ಥ್ರೆಡ್ ಡೈರೆಕ್ಟರ್’ ಎಂಬ ಒಳಭಾಗವು ಕ್ಷಣಕ್ಷಣಕ್ಕೂ ಒದಗಿಸುತ್ತಿತ್ತು. ಆ ಸುಳಿವನ್ನು ಪೂರ್ಣವಾಗಿ ಬಳಸಿಕೊಳ್ಳುವಂತೆ ರೂಪುಗೊಂಡದ್ದು ವಿಂಡೋಸ್ 11 ಆದ್ದರಿಂದ, ಅಂಥ ಪ್ರೊಸೆಸರ್ ಕೊಂಡವರು ವಿಂಡೋಸ್ 10ರಲ್ಲೇ ಉಳಿದರೆ ಕೊಟ್ಟ ಹಣದ ಒಂದು ಪಾಲನ್ನು ಬಳಸದೆ ಬಿಟ್ಟಂತೆಯೇ ಸರಿ.

ಆದರೆ ಹೊಸ ಆವೃತ್ತಿ ಯಾವಾಗಲೂ ವೇಗ ಹೆಚ್ಚಿಸುತ್ತದೆಂದು ಭಾವಿಸುವುದು ತಪ್ಪು. ಅದೇ ವರ್ಷದ ಅಕ್ಟೋಬರ್ 5ರಂದು ವಿಂಡೋಸ್ 11 ಬಿಡುಗಡೆಯಾದಾಗ, ಪ್ರೊಸೆಸರ್ ತನಗೆ ಮತ್ತೆ ಮತ್ತೆ ಬೇಕಾಗುವ ಮಾಹಿತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ‘ಕ್ಯಾಶ್’ ಸ್ಮೃತಿಯು ಎಎಂಡಿ ರೈಜನ್‌ಗಳಲ್ಲಿ ನಿಧಾನಗೊಂಡು, ಕೆಲವು ತಂತ್ರಾಂಶಗಳು ಶೇ 3ರಿಂದ 5ರಷ್ಟೂ, ಕೆಲವು ಆಟಗಳು ಶೇ 10ರಿಂದ 15ರಷ್ಟೂ ಹಿಂದೆ ಬೀಳಬಹುದೆಂದು ಎಎಂಡಿಯೇ ತಿಳಿಸಿತು. ತಿದ್ದುಪಡಿ ಆ ತಿಂಗಳಲ್ಲೇ, ಬಿಟ್ಟಿಯಾಗಿ ಬಂತು.

ಹಳೆಯ ಗಣಕದ ಲೆಕ್ಕಾಚಾರವೇ ಬೇರೆ. ಈ ಅಂಕಣಕಾರರ ಮನೆಯಲ್ಲಿ 6ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನ ಲ್ಯಾಪ್‌ಟಾಪ್ ನಿಧಾನವಾದಾಗ, ರಿಪೇರಿ ಅಂಗಡಿಯೊಂದರ ಸಲಹೆಯಂತೆ ಹಣ ತೆತ್ತು ವಿಂಡೋಸ್ 10ನ್ನು ಹೊಸದಾಗಿ ಹಾಕಿಸಲಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಅದು ಮತ್ತೆ ಮೊದಲಿನಂತೆಯೇ ಆಯಿತು. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಹುಪಾಲು ಸುಮ್ಮನೆ ಕುಳಿತಿದ್ದು, ಡಿಸ್ಕ್ ಎಂಬ ಸಾಲು ಮಾತ್ರ ಶೇ 100ರಲ್ಲಿ ಕೆಂಪಾಗಿ ನಿಂತಿತ್ತು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ತೆಗೆಸಿ, ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದ ಮೇಲೆ, ಕಾಫಿ ಸೋಸಿಕೊಂಡು ಬರುವವರೆಗೂ ತೆರೆಯ ಮೇಲೆ ಸುತ್ತುತ್ತಿದ್ದ ಚಕ್ರ ಅರೆ ನಿಮಿಷದಲ್ಲಿ ನಿಲ್ಲತೊಡಗಿತು. ಆ ಒಂದು ಸಾಲನ್ನು ಮೊದಲೇ ನೋಡಿದ್ದರೆ ಅಂಗಡಿಯ ಖರ್ಚು ಪೂರ್ತಿ ಉಳಿಯುತ್ತಿತ್ತು.

ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಬಹುಮಟ್ಟಿಗೆ 8ನೇ ತಲೆಮಾರು ಮತ್ತು ಅನಂತರದ ಇಂಟೆಲ್ ಪ್ರೊಸೆಸರ್‌ಗಳನ್ನು. ಅರ್ಹತೆಯಿರುವ, ಪರವಾನಗಿ ಪಡೆದ ವಿಂಡೋಸ್ 10 ಗಣಕಕ್ಕೆ ಅದು ಉಚಿತವಾದ್ದರಿಂದ ಅದಕ್ಕೆಂದು ಬೆಲೆ ಕೇಳುವವರಿಗೆ ಹಣ ಕೊಡಬೇಕಾಗಿಲ್ಲ. ಅರ್ಹತೆಯಿಲ್ಲದ ಗಣಕಕ್ಕೆ ವೇಗಕ್ಕಿಂತ ಸುರಕ್ಷತೆಯ ಪ್ರಶ್ನೆಯೇ ದೊಡ್ಡದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಆ ಮನೆಯ ಲ್ಯಾಪ್‌ಟಾಪ್‌ನಲ್ಲಿ ಈಗ ಬ್ಯಾಂಕಿನ ವ್ಯವಹಾರ ಮಾಡುವುದಿಲ್ಲ, ತಿಂಗಳ ಖರ್ಚಿನ ಲೆಕ್ಕವನ್ನಷ್ಟೇ ಬರೆಯಲಾಗುತ್ತದೆ.