ಹರಾಜಿಗಿಡುವ ಮೊದಲು ಹಿಂಬದಿ ಬಿಚ್ಚಿ ನೋಡು

ಶಾಲೆಯ ಕೆಲಸದ ಜೊತೆಗೆ ಆನ್‌ಲೈನ್ ಹರಾಜಿನಲ್ಲಿ ಹಳೇ ಎಚ್‌ಎಂಟಿ ವಾಚು ಮಾರಿ ನಾಲ್ಕು ಕಾಸು ಹೆಚ್ಚಿಗೆ ಸಂಪಾದಿಸಬೇಕು ಅಂತಿದ್ದೀಯ ಎಂದು ನಿಮ್ಮಮ್ಮ ಹೇಳಿದಳು. ಒಳ್ಳೇ ಯೋಚನೆ ಕಣಮ್ಮ. ನಿಮ್ಮ ಮಾವನಾದ ನಾನು ಬದುಕಿನ ಬಹುಪಾಲು ಈ ವಾಚುಗಳ ನಡುವೆಯೇ ಕಳೆದವನು. ತಿಳಿದದ್ದನ್ನು ಬರೆದು ಕಳಿಸುತ್ತಿದ್ದೇನೆ, ಕೆಲಸಕ್ಕೆ ಕೂತಾಗ ತೆಗೆದು ನೋಡು.

• ಒಂದೇ ಸರಕು ಹಿಡಿ. ನಾಣ್ಯ, ಪೆನ್ನು, ಗ್ರಾಮಫೋನ್ ತಟ್ಟೆ, ವಾಚು ಎಂದು ಎಲ್ಲಕ್ಕೂ ಕೈ ಹಾಕಿದರೆ ಯಾವುದರ ಬೆಲೆಯೂ ಕೈಗೆ ಹತ್ತುವುದಿಲ್ಲ. ಎಚ್‌ಎಂಟಿ ಆರಿಸಿಕೊಂಡದ್ದು ಸರಿಯಾಗಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಆಮೇಲೆ ತುಮಕೂರಿನಲ್ಲೂ ಒಂದು ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಹಳೆಯ ಜನತಾ, ಪೈಲಟ್, ಕೊಹಿನೂರ್, ಜವಾನ್ ವಾಚುಗಳನ್ನು ಹುಡುಕುವವರು ಹೆಚ್ಚಿದರು. ಕೀ ಕೊಡುವ ವಾಚುಗಳನ್ನೇ ನೆಚ್ಚಿಕೊ. ಬ್ಯಾಟರಿ ಇಲ್ಲದ್ದರಿಂದ ವಿಮಾನದಂಚೆಯಲ್ಲಿ ತಕರಾರಿಲ್ಲ.

• ಎಲ್ಲಿ ಮಾರುತ್ತೀಯ ಎಂಬುದು ಮೊದಲೇ ಗೊತ್ತಿರಲಿ. ಇ-ಬೇಯ ಭಾರತದ ತಾಣ 2018ರಲ್ಲೇ ಬಾಗಿಲು ಹಾಕಿತು. ಈಗ ನಮ್ಮವರು ಅದರ ಅಂತರರಾಷ್ಟ್ರೀಯ ತಾಣದಲ್ಲಿ ಹೊರದೇಶದವರಿಗೆ ಮಾರುತ್ತಾರೆ. ದೇಶದೊಳಗೆ ವಾಟ್ಸಾಪ್, ಫೇಸ್‌ಬುಕ್ ಗುಂಪುಗಳಿವೆ, ಆದರೆ ಅಲ್ಲಿ ನಡೆಯುವುದು ಹೆಚ್ಚಾಗಿ ಚೌಕಾಸಿ.

• ಲಾಭ ಹುಟ್ಟುವುದು ಮಾರುವ ದಿನವಲ್ಲ, ಕೊಳ್ಳುವ ದಿನ. ಒಂದು ಪೈಲಟ್ ವಾಚನ್ನು 1,200 ರೂಪಾಯಿಗೆ ತಂದೆ ಅಂದುಕೊ. ಸರ್ವೀಸ್ ಮಾಡಿಸಲು 400, ಡಬ್ಬಿ, ಹತ್ತಿ, ಟೇಪಿಗೆ 60, ಅಂಚೆಗೆ 900, ತಾಣದ ಕಮಿಷನ್ 500, ಡಾಲರು ರೂಪಾಯಿ ಆಗುವಾಗ ಕಳೆಯುವುದು 100. ಹರಾಜು 3,500ಕ್ಕೆ ನಿಂತಿತು ಎಂದು ಮನೆಮಂದಿಯೆಲ್ಲ ಹಿಗ್ಗಿದರೂ ಉಳಿಯುವುದು 340 ರೂಪಾಯಿ. ಅದೇ ವಾಚನ್ನು 700ಕ್ಕೆ ಕೊಂಡಿದ್ದರೆ 840 ಉಳಿಯುತ್ತಿತ್ತು. ದರಗಳು ಬದಲಾಗುತ್ತವೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ. ಈ ಆರು ಸಾಲನ್ನು ಒಂದು ಪುಸ್ತಕದಲ್ಲಿ ಬರೆದು ಕೂಡಿ ನೋಡದೆ ಯಾವ ವಾಚಿಗೂ ದುಡ್ಡು ಎಣಿಸಬೇಡ.

• ಮಾರುವವರು ಕೇಳುತ್ತಿರುವ ಬೆಲೆ ನೋಡಿ ಮರುಳಾಗಬೇಡ. ಯಾರು ಎಷ್ಟು ಬೇಕಾದರೂ ಕೇಳಬಹುದು. ತಾಣದಲ್ಲಿ ‘ಸೋಲ್ಡ್ ಐಟಮ್ಸ್’ ಎಂಬ ಆಯ್ಕೆ ಒತ್ತಿದರೆ ನಿಜವಾಗಿ ಮಾರಾಟವಾದ ಬೆಲೆಗಳು ಕಾಣುತ್ತವೆ. ಅದೇ ಮಾದರಿ, ಅದೇ ಡಯಲ್, ಅದೇ ಸ್ಥಿತಿಯದನ್ನು ಮಾತ್ರ ಹೋಲಿಸು.

• ಡಯಲ್ ವಿಷಯ ಸ್ವಲ್ಪ ನಿಧಾನವಾಗಿ ಓದು, ಈ ವ್ಯಾಪಾರದ ಜೀವ ಇಲ್ಲೇ ಇರುವುದು. ಹಳೇ ಎಚ್‌ಎಂಟಿ ಹೆಸರಿನಲ್ಲಿ ಆನ್‌ಲೈನಿನಲ್ಲಿ ಸಿಗುವ ಎಷ್ಟೋ ವಾಚುಗಳ ಡಯಲ್‌ಗೆ ಮತ್ತೆ ಬಣ್ಣ ಹೊಡೆದಿರುತ್ತಾರೆ. ಕಿತ್ತಳೆ, ಗಿಳಿಹಸಿರು ಎಂದು ಕಣ್ಣು ಕುಕ್ಕುವ ಬಣ್ಣ ಕಂಡರೆ ಮೊದಲು ಅನುಮಾನಿಸು. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೂಪ್ ಒಂದನ್ನು ಕೊಂಡುಕೋ. ಕಾರ್ಖಾನೆಯ ಅಕ್ಷರ ಸಣ್ಣದಾದರೂ ಅಂಚು ಚೂಪಾಗಿರುತ್ತದೆ. ಮರುಬಣ್ಣದ್ದರಲ್ಲಿ ಅಕ್ಷರ ದಪ್ಪಗೆ, ಶಾಯಿ ಹರಡಿದಂತೆ ಇರುತ್ತದೆ. ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರ ಕೂರುವುದಿಲ್ಲ. ಗುರುತುಗಳ ಬುಡದಲ್ಲಿ ಬಣ್ಣ ಮೆತ್ತಿಕೊಂಡಿರುತ್ತದೆ. ಆಮೇಲೆ ಹಿಂಬದಿ ಬಿಚ್ಚಿಸು. ಮುಂದೆ ಎಚ್‌ಎಂಟಿ ಹೆಸರಿದ್ದು ಒಳಗೆ ಬೇರೆ ಯಾವುದೋ ಎಂಜಿನ್ ಕೂತಿರುವುದುಂಟು. ಹಳ್ಳಿಯ ಮೇಷ್ಟರೊಬ್ಬರು ದಿನಾ ಕಟ್ಟಿಕೊಂಡ, ಡಯಲ್ ಕೆನೆಬಣ್ಣಕ್ಕೆ ತಿರುಗಿದ, ಗಾಜಿನ ಮೇಲೆ ಗೀರು ಬಿದ್ದ ಜನತಾ ವಾಚು ಸಿಕ್ಕಿದರೆ ಬಿಡಬೇಡ. ಗಾಜು ಬದಲಿಸಬಹುದು, ಡಯಲ್ ಮುಟ್ಟಲೇಬೇಡ. ಸಂಗ್ರಾಹಕರು ಕಾಸು ಕೊಡುವುದು ಆ ಕೆನೆಬಣ್ಣಕ್ಕೇ.

• ಕೊಂಡದ್ದರಲ್ಲಿ ಮರುಬಣ್ಣದ್ದು ಬಂದುಬಿಟ್ಟರೆ ‘ಡಯಲ್‌ಗೆ ಮತ್ತೆ ಬಣ್ಣ ಹೊಡೆದಿದೆ’ ಎಂದು ಮೊದಲ ಸಾಲಿನಲ್ಲೇ ಬರೆ. ಬೆಲೆ ಇಳಿಯುತ್ತದೆ, ಇಳಿಯಲಿ. ಕೊಳ್ಳುವವನು ಸಾವಿರಾರು ಮೈಲಿ ದೂರದಲ್ಲಿದ್ದಾನೆ, ವಾಚನ್ನು ಕೈಯಲ್ಲಿ ಹಿಡಿದು ನೋಡುವ ಹಾಗಿಲ್ಲ. ಅವನಿಗಿರುವುದು ನಿನ್ನ ಮಾತೊಂದೇ. 1995ರಲ್ಲಿ ಪಿಯೆರ್ ಒಮಿಡ್ಯಾರ್ ಮುಂದೆ ಇ-ಬೇ ಆದ ತಾಣವನ್ನು ಶುರು ಮಾಡಿದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್, 14.83 ಡಾಲರಿಗೆ. ಅದು ಕೆಟ್ಟಿದೆ ಎಂದು ತಿಳಿದೇ ಒಬ್ಬರು ಕೊಂಡರು. ಕೆಟ್ಟ ಸರಕಿಗೂ ಗಿರಾಕಿ ಇರುತ್ತಾನೆ, ಕೆಟ್ಟಿದೆ ಎಂದು ಅವನಿಗೆ ಮೊದಲೇ ಗೊತ್ತಿದ್ದರೆ ಸಾಕು.

• ಫೋಟೋ ಬೆಳಗಿನ ಹೊತ್ತು ಕಿಟಕಿಯ ಪಕ್ಕ ತೆಗೆ. ಡಯಲ್ ನೇರಕ್ಕೆ ಒಂದು, ಎರಡೂ ಪಕ್ಕ, ಹಿಂಬದಿ, ಬಿಚ್ಚಿದ ಎಂಜಿನ್, ಕೀ ಕೊಡುವ ಗುಂಡಿ. ಗೀರು ಎಲ್ಲಿದೆಯೋ ಅಲ್ಲಿಗೆ ಹತ್ತಿರ ಹೋಗಿ ಬೇರೆಯೇ ಒಂದು ತೆಗೆ. ದಿನಕ್ಕೆ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಓಡುತ್ತದೆ ಎಂಬುದನ್ನು ಕಟ್ಟಿ ನೋಡಿ ಬರೆ.

• ಆರಂಭದ ಬೆಲೆ ಇಡುವಾಗ ಅಸಲು, ಖರ್ಚು ಎರಡೂ ಬರುವಂತೆ ಇಡು. ತೀರಾ ಕಡಿಮೆಗೆ ಶುರು ಮಾಡಿದರೆ ಜನ ಮುಗಿಬೀಳುತ್ತಾರೆ ಎಂಬ ಮಾತು ಹತ್ತಾರು ಜನ ಕಾಯುತ್ತಿರುವ ಅಪರೂಪದ ಮಾದರಿಗೆ ಮಾತ್ರ ನಿಜ. ಸಾಮಾನ್ಯ ಜನತಾ ವಾಚಿಗೆ ಒಬ್ಬನೇ ಕೂಗಿ ಅದೇ ಬೆಲೆಗೆ ಎತ್ತಿಕೊಂಡು ಹೋಗುತ್ತಾನೆ. ಇ-ಬೇಯಲ್ಲಿ ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸಿದರೆ ಅವನ ಪರವಾಗಿ ತಾಣವೇ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಎಷ್ಟೋ ಜನ ಕೊನೆಯ ಕೆಲವು ಸೆಕೆಂಡಿನಲ್ಲಿ ಕೂಗುತ್ತಾರೆ. ಆರು ದಿನ ಬೆಲೆ ಅಲುಗಾಡದಿದ್ದರೆ ಗಾಬರಿಯಾಗಿ ಹರಾಜು ನಿಲ್ಲಿಸಬೇಡ.

• ಹರಾಜು ಮುಗಿಯುವ ಹೊತ್ತು ಕೊಳ್ಳುವವರ ಬಿಡುವಿನ ಹೊತ್ತಾಗಿರಲಿ. ಅಮೆರಿಕದ ಪೂರ್ವ ತೀರದಲ್ಲಿ ಭಾನುವಾರ ರಾತ್ರಿ 9 ಗಂಟೆ ಎಂದರೆ ಅವರ ಬೇಸಿಗೆಯಲ್ಲಿ ನಮಗೆ ಸೋಮವಾರ ಬೆಳಿಗ್ಗೆ 6:30, ಚಳಿಗಾಲದಲ್ಲಿ 7:30. ಶಾಲೆಗೆ ಹೊರಡುವ ಮೊದಲೇ ಮುಗಿದಿರುತ್ತದೆ.

• ಬೆಲೆ ಏರಿಸಲು ಗಂಡನ ಹೆಸರಿನಲ್ಲೋ ಗೆಳತಿಯ ಹೆಸರಿನಲ್ಲೋ ಕೂಗಿಸಬೇಡ. ಅದು ಮೋಸ, ಸಿಕ್ಕಿಬಿದ್ದರೆ ಖಾತೆಯೂ ಹೋಗುತ್ತದೆ.

• ಕಾನೂನಿನ ಗಡಿ ತಿಳಿದಿರು. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಚಿತ್ರ, 75 ವರ್ಷ ದಾಟಿದ ಬೆಲೆಬಾಳುವ ಹಸ್ತಪ್ರತಿ ಇವು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವಿಜಯನಗರದ ವರಾಹ ಸಿಕ್ಕಿತೆಂದು ಯಾರಾದರೂ ತಂದರೆ ಮುಟ್ಟಬೇಡ. ಮೈಸೂರಿನ ಹಳೇ ಬೀಟೆಮರದ ಕೆತ್ತನೆ ಕೆಲಸದಲ್ಲಿ ದಂತ ಕೂರಿಸಿರುವುದುಂಟು, ಅದನ್ನೂ ಮಾರುವಂತಿಲ್ಲ. ನಿನ್ನ ಎಚ್‌ಎಂಟಿಗೆ ಆ ಭಯವಿಲ್ಲ, ಮೊದಲನೆಯದಕ್ಕೂ ನೂರು ತುಂಬುವುದು 2061ಕ್ಕೆ.

• ನಿನ್ನ ಹಳೇ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟು ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವವರಿದ್ದಾರೆ. 2021ರಲ್ಲೇ ಬ್ಯಾಂಕು ಈ ಬಗ್ಗೆ ಎಚ್ಚರಿಸಿ, ತಾನು ಅಂಥ ವ್ಯವಹಾರ ಮಾಡುವುದೇ ಇಲ್ಲ ಎಂದಿತು. ನಿಮ್ಮಮ್ಮನಿಗೂ ಇದನ್ನು ಹೇಳಿಡು.

• ಬೆಂಗಳೂರಿನ ಭಾನುವಾರದ ಬಜಾರಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಕದ್ದ ಮಾಲೂ ಇರಬಹುದು. ಊರೂರಿನ ವಾಚ್ ರಿಪೇರಿ ಅಂಗಡಿಗಳೇ ಲೇಸು. ಗಿರಾಕಿ ಮರಳಿ ಬಾರದೆ ಉಳಿದ, ಬಿಡಿಭಾಗಕ್ಕೆಂದು ತೆಗೆದಿಟ್ಟ ವಾಚುಗಳು ಅವರ ಡ್ರಾಯರಿನಲ್ಲಿರುತ್ತವೆ. ಅವರನ್ನು ಗೌರವದಿಂದ ಮಾತಾಡಿಸು, ಕೇಳಿದ ಕೂಲಿ ಕೊಡು, ಚೀಟಿ ಬರೆಸಿಕೋ. ಈ ಕೆಲಸ ಬಲ್ಲವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ, ಅವರಿಲ್ಲದೆ ನಿನ್ನ ವ್ಯಾಪಾರವೂ ಇಲ್ಲ.

• ಹೊರದೇಶಕ್ಕೆ ಮಾರಲು ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಆನ್‌ಲೈನಿನಲ್ಲೇ ಸಿಗುತ್ತದೆ, ಶುಲ್ಕ 500 ರೂಪಾಯಿ. ಜಿಎಸ್‌ಟಿ, ಆದಾಯ ತೆರಿಗೆ ವಿಷಯಕ್ಕೆ ಒಬ್ಬ ಆಡಿಟರ್ ಹತ್ತಿರ ಒಂದು ಗಂಟೆ ಕೂತು ಬಾ. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್ ಒಳಗಿನ ಸರಕಿನ ಸುಂಕ ವಿನಾಯಿತಿ ತೆಗೆದಾಗ ನಮ್ಮ ಅಂಚೆಯವರು ಕೆಲವು ವಾರ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಪ್ರತಿ ಹರಾಜಿಗೂ ಮೊದಲು ಅಂಚೆ ಕಚೇರಿಯಲ್ಲಿ ಅಂದಿನ ನಿಯಮ ಕೇಳಿಕೋ. ಸುಂಕ ಉಳಿಸಲು ‘ಉಡುಗೊರೆ ಎಂದು ಬರಿ’ ಎಂದು ಗಿರಾಕಿ ಗೋಗರೆದರೂ ಬರೆಯಬೇಡ.

• ದೂರು ಬಂದರೆ ಅದೇ ದಿನ ಉತ್ತರ ಕೊಡು. ತಪ್ಪು ನಿನ್ನ ವಿವರಣೆಯದಾದರೆ ವಾದಕ್ಕಿಳಿಯದೆ ದುಡ್ಡು ಹಿಂದಿರುಗಿಸು. ಹೊಸ ಮಾರಾಟಗಾರರಿಗೆ ಮೊದಲ ಹತ್ತು ಗಿರಾಕಿಗಳ ಅಭಿಪ್ರಾಯ ಹತ್ತು ವಾಚಿನ ಲಾಭಕ್ಕಿಂತ ದೊಡ್ಡದು.

• ಮೊದಲ ತಿಂಗಳು ಮೂರೇ ವಾಚು ಹಾಕು. ಸಾಲ ಮಾಡಿ, ಚಿನ್ನ ಅಡವಿಟ್ಟು ಸರಕು ತುಂಬಬೇಡ. ಆ ಮೂರನ್ನೂ ಕೊಳ್ಳುವ ಮೊದಲು ಡಯಲ್‌ನ ಫೋಟೋ ನನಗೆ ಕಳಿಸು, ನೋಡಿ ಹೇಳುತ್ತೇನೆ.