ತೊಡೆಯ ಚರ್ಮ ಕೈಗೆ ಹೋದ ಮೇಲೆ

ಈ ಸಲದ ಪ್ರಶ್ನೆಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವು. ಎಲ್ಲವೂ ಪ್ಲಾಸ್ಟಿಕ್ ಸರ್ಜರಿಗೆ ಸೇರಿದವು. ಆದರೆ ಮೂಗು ಚಂದ ಮಾಡಿಸಿಕೊಳ್ಳುವ, ಸುಕ್ಕು ತೆಗೆಸಿಕೊಳ್ಳುವ ಮಾತು ಒಂದರಲ್ಲೂ ಇಲ್ಲ. ಬೆಂಕಿ, ಗಾಣ, ರಾಶಿ ಮಷಿನ್, ಬೈಕ್ ಅಪಘಾತ, ಹುಟ್ಟಿನಿಂದ ಬಂದ ಸೀಳುತುಟಿ: ಇಲ್ಲಿಯ ಜನ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗುವುದು ಇಂಥ ಕಾರಣಕ್ಕೇ.

ಪ್ರಶ್ನೆ: ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಸಿಡಿದು ನಮ್ಮ ತಮ್ಮನ ಬಲಗೈ ಸುಟ್ಟಿತ್ತು. ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಿದ್ದಾರೆ. ಈಗ ಕೈಗಿಂತ ತೊಡೆಯೇ ಹೆಚ್ಚು ಉರಿಯುತ್ತದೆ ಅನ್ನುತ್ತಾನೆ. ನರ್ಸಬಾಯಿ ತೊಡೆಯ ಪಟ್ಟಿ ಬಿಚ್ಚಲೂ ಬಿಡುತ್ತಿಲ್ಲ. ಏನಾದರೂ ಎಡವಟ್ಟಾಗಿದೆಯೇ? (ಬೈಲಹೊಂಗಲ)

ಉತ್ತರ: ಎಡವಟ್ಟೇನೂ ಆಗಿಲ್ಲ. ತೊಡೆಯಿಂದ ತೆಗೆದದ್ದು ಚರ್ಮದ ತೆಳುವಾದ ಮೇಲುಪದರ. ಅದು ಹೋದಾಗ ನರಗಳ ತುದಿಗಳು ಬಯಲಾಗುತ್ತವೆ. ಬಿದ್ದು ಮೊಣಕಾಲು ತರಚಿದಾಗಿನ ಉರಿಯೇ ಇದು, ಜಾಗ ಮಾತ್ರ ದೊಡ್ಡದು. ಆಳವಾಗಿ ಸುಟ್ಟ ಕೈಯಲ್ಲಿ ನರದ ತುದಿಗಳೂ ಸುಟ್ಟಿರುವುದರಿಂದ ಅಲ್ಲಿ ನೋವು ಕಡಿಮೆ. ತೊಡೆಯ ಗಾಯ ಸುಮಾರು ಎರಡು ವಾರದಲ್ಲಿ ತಾನಾಗಿ ಮಾಯುತ್ತದೆ. ಪಟ್ಟಿ ಅಂಟಿಕೊಂಡಿದ್ದರೆ ಎಳೆಯಬಾರದು, ಎಳೆದರೆ ಅಡಿಯಲ್ಲಿ ಹುಟ್ಟಿದ ಹೊಸ ಚರ್ಮವೂ ಕಿತ್ತು ಬರುತ್ತದೆ. ನರ್ಸಬಾಯಿ ಬಿಡದಿರುವುದು ಇದಕ್ಕೇ. ಕೆಟ್ಟ ವಾಸನೆ, ಕೀವು, ಜ್ವರ ಅಥವಾ ಪಟ್ಟಿ ದಾಟಿ ಹಸಿ ರಕ್ತ ಕಂಡರೆ ಮಾತ್ರ ತಡಮಾಡದೆ ಹೇಳಬೇಕು.

ನಿಜವಾದ ಕಾಳಜಿ ಬೇಕಿರುವುದು ಕೈಗೆ. ಕಸಿ ಮಾಡಿದ ಚರ್ಮಕ್ಕೆ ತನ್ನದೇ ರಕ್ತಪೂರೈಕೆ ಇಲ್ಲ. ಮೊದಲ ಎರಡು ದಿನ ಗಾಯದಿಂದ ಒಸರುವ ದ್ರವ ಹೀರಿಕೊಂಡೇ ಅದು ಬದುಕುತ್ತದೆ. ಆಮೇಲೆ ಅಡಿಯ ಸಣ್ಣ ರಕ್ತನಾಳಗಳು ಬಂದು ಕೂಡಿಕೊಳ್ಳುತ್ತವೆ, ಐದನೆಯ ದಿನದ ಹೊತ್ತಿಗೆ ಗುಲಾಬಿ ಬಣ್ಣ ಕಾಣುತ್ತದೆ. ಅಷ್ಟರೊಳಗೆ ಚರ್ಮದ ಕೆಳಗೆ ರಕ್ತ ನಿಂತರೆ, ಸೋಂಕು ತಗುಲಿದರೆ ಅಥವಾ ಚರ್ಮ ಎಳ್ಳಷ್ಟು ಜರುಗಿದರೂ ಕಸಿ ಹಿಡಿಯುವುದಿಲ್ಲ. ಕೈಗೆ ಸ್ಪ್ಲಿಂಟ್ ಕಟ್ಟುವುದು, ದಿಂಬಿನ ಮೇಲೆ ಎತ್ತಿಡುವುದು ಇದಕ್ಕಾಗಿ. ಬಾಳೆಹಣ್ಣು, ಎಳನೀರು ಹಿಡಿದು ನೋಡಲು ಬರುವ ಬೀಗರು ಮಂಚದ ಮೇಲೇ ಕೂತು, ಅದೇ ಕೈ ಹಿಡಿದು, ‘ಹೆಂಗಾತೋ ತಮ್ಮಾ’ ಎಂದು ಅಲುಗಾಡಿಸುವುದುಂಟು. ವಾರ್ಡಿನಲ್ಲಿ ಸಿಸ್ಟರ್ ಗದರಿದರೆ ಸಿಟ್ಟಾಗುವುದು ಬೇಡ.

ಮನೆಗೆ ಬಂದ ಮೇಲಿನ ಕೆಲಸ ಇನ್ನೂ ಉದ್ದದ್ದು. ಕಸಿ ಚರ್ಮದಲ್ಲಿ ಎಣ್ಣೆ, ಬೆವರಿನ ಗ್ರಂಥಿಗಳು ಸರಿಯಾಗಿ ಇರುವುದಿಲ್ಲ. ಒಣಗಿ ಬಿರಿಯುತ್ತದೆ, ತುರಿಸುತ್ತದೆ. ಗಾಯ ಪೂರ್ತಿ ಮಾಯ್ದ ಮೇಲೆ ದಿನಕ್ಕೆ ನಾಲ್ಕಾರು ಸಲ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಬೇಕು. ಹೊಲಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಇರಲಿ, ಬಿಸಿಲಿಗೆ ಆ ಜಾಗ ಕಪ್ಪಾಗುತ್ತದೆ. ಕಲೆ ಗಂಟುಗಟ್ಟದಂತೆ ಕೊಡುವ ಬಿಗಿ ಕೈಗವಸನ್ನು ದಿನದ 23 ತಾಸೂ ಹಾಕಿರಬೇಕು, ಅದೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ. ಬೇಸಿಗೆಯಲ್ಲಿ ಇದು ಹಿಂಸೆ ನಿಜ. ಆದರೆ ಸುಟ್ಟ ಕೈಗೆ ಹಾಯೆನಿಸುವುದು ಬೆರಳು ಮಡಚಿಟ್ಟಾಗ, ಅದೇ ಭಂಗಿಯಲ್ಲಿ ಕಲೆ ಎಳೆದುಕೊಂಡು ಕೈ ಮುದುಡುತ್ತದೆ. ಒಮ್ಮೆ ಮುದುಡಿದರೆ ಬಿಡಿಸಲು ಇನ್ನೊಂದು ಆಪರೇಷನ್ನೇ ಬೇಕು.

ಅನುಭವಸ್ಥ ಸಿಸ್ಟರ್‌ಗಳು ಡಿಸ್ಚಾರ್ಜ್ ದಿನ ಎಲ್ಲ ಹೇಳಿ ಮುಗಿಸಿ, ‘ಮನಿಗಿ ಹೋಗಿ ಏನೇನ್ ಮಾಡ್ತೀರಿ, ಈಗ ನೀವ ಹೇಳ್ರಿ’ ಎಂದು ಕೇಳುತ್ತಾರೆ. ‘ತಿಳೀತೇನ್ರಿ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಹೇಳಿಸಿದಾಗಲೇ ಏನು ತಲೆಗೆ ಹೋಗಿಲ್ಲ ಎಂಬುದು ಗೊತ್ತಾಗುವುದು. ಮನೆಯಲ್ಲಿ ಪಟ್ಟಿ ನೋಡಿಕೊಳ್ಳುವವರು ಯಾರೋ ಅವರೇ ಆ ದಿನ ಎದುರಿಗಿದ್ದರೆ ಒಳ್ಳೆಯದು.

ಗಾಣದಲ್ಲಿ ಕೆಲಸ ಮಾಡುವ ಇತರರಿಗೆ ಒಂದು ಮಾತು: ಪಾಕ ಬಿದ್ದ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಉಂಗುರ, ಕಡಗ ಕೂಡಲೇ ತೆಗೆಯಿರಿ. ಬರ್ಫ, ಟೂತ್‌ಪೇಸ್ಟ್, ಅರಿಶಿಣ, ಶಾಯಿ ಬೇಡ.

ಪ್ರಶ್ನೆ: ಮೊಮ್ಮಗುವಿಗೆ ಸೀಳುತುಟಿ, ಅಂಗುಳವೂ ಸೀಳಿದೆ. ಗ್ರಹಣದ ದಿನ ಸೊಸೆ ಕಾಯಿಪಲ್ಲೆ ಹೆಚ್ಚಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಮಗು ಮೊಲೆ ಹಿಡಿಯುತ್ತಿಲ್ಲ. (ರಾಮದುರ್ಗ)

ಉತ್ತರ: ಸೊಸೆಯ ಮೇಲಿನ ಆ ಆರೋಪ ಮೊದಲು ಹಿಂದೆಗೆದುಕೊಳ್ಳಿ. ತುಟಿ ಕೂಡುವುದು ಗರ್ಭದ 4ರಿಂದ 7ನೆಯ ವಾರದೊಳಗೆ, ಬಹಳ ಜನರಿಗೆ ಬಸಿರು ಎಂಬುದೇ ಖಾತ್ರಿಯಾಗದ ಹೊತ್ತಿನಲ್ಲಿ. ಗ್ರಹಣಕ್ಕೂ ಈಳಿಗೆಗೂ ಇದಕ್ಕೂ ಸಂಬಂಧವಿಲ್ಲ.

ಅಂಗುಳ ಸೀಳಿದ್ದರೆ ಮಗು ಚೀಪಲಾರದು. ತಾಯಿಯ ಹಾಲನ್ನೇ ಹಿಂಡಿ, ಮಗುವನ್ನು ಕೂರಿಸಿದಂತೆ ಎತ್ತಿ ಹಿಡಿದು, ಒಳಲೆಯಲ್ಲಿ ಇಲ್ಲವೇ ಚಮಚದಲ್ಲಿ ಕೆನ್ನೆಯ ಕಡೆಯಿಂದ ನಿಧಾನಕ್ಕೆ ಹಾಕಿ. ಮಲಗಿಸಿ ಹಾಕಿದರೆ ಹಾಲು ಮೂಗಿಗೆ, ಶ್ವಾಸಕೋಶಕ್ಕೆ ಹೋಗುತ್ತದೆ. ಗಾಳಿ ನುಂಗುವುದು ಹೆಚ್ಚು, ಆಗಾಗ ತೇಗಿಸಿ. ವಾರಕ್ಕೊಮ್ಮೆ ತೂಕ ನೋಡಿಸಿ; ಸಾಮಾನ್ಯವಾಗಿ ಮೂರು ತಿಂಗಳು ದಾಟಿ, ತೂಕ ಐದು ಕಿಲೋ ಹತ್ತಿರ ಬಂದು, ಹಿಮೋಗ್ಲೋಬಿನ್ 10 ಇದ್ದರೆ ತುಟಿಯ ಆಪರೇಷನ್. ಅಂಗುಳದ್ದು ಮಾತು ಚೆನ್ನಾಗಿ ಬರುವ ಮೊದಲೇ, 9ರಿಂದ 18 ತಿಂಗಳೊಳಗೆ. ಆಪರೇಷನ್ ಆದ ಮೇಲೆ ಮಗು ಬಾಯಿಗೆ ಬೆರಳು ಹಾಕದಂತೆ ಮೊಣಕೈಗೆ ಪಟ್ಟಿ ಕಟ್ಟಿರುತ್ತಾರೆ. ಅಜ್ಜಿಯಂದಿರಿಗೆ ಇದನ್ನು ನೋಡಿ ಕರುಳು ಚುರ್ ಎನ್ನುತ್ತದೆ, ಆದರೂ ಬಿಚ್ಚಬೇಡಿ.

ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನ ಆಸ್ಪತ್ರೆಯಲ್ಲಿ ಈ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತೋರಿಸಿದರೆ ದಾರಿ ಅವರೇ ಹೇಳುತ್ತಾರೆ; ಸೀಳುತುಟಿ, ಸೀಳಂಗುಳ ಅವರ ಪಟ್ಟಿಯಲ್ಲೇ ಇವೆ.

ಪ್ರಶ್ನೆ: ಬೈಕ್ ಅಪಘಾತದಲ್ಲಿ ಕಾಲಿನ ಎಲುಬು ಬಯಲಾಗಿ, ಫ್ಲಾಪ್ ಹಾಕಿದ್ದಾರೆ. ರಾತ್ರಿಯೆಲ್ಲ ತಾಸಿಗೊಮ್ಮೆ ಎಬ್ಬಿಸಿ ಒತ್ತಿ ನೋಡುತ್ತಾರೆ. ತಂಬಾಕೂ ಬಂದ್. ನಾನು ಬೀಡಿ ಸೇದುವವನಲ್ಲ, ಸುಣ್ಣ ಹಚ್ಚಿ ಬಾಯಿಗಿಡುತ್ತೇನೆ ಅಷ್ಟೇ. (ಸವದತ್ತಿ)

ಉತ್ತರ: ಬಾಯಿಗಿಟ್ಟರೂ ನಿಕೋಟಿನ್ ರಕ್ತಕ್ಕೇ ಹೋಗುತ್ತದೆ, ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಫ್ಲಾಪ್ ಎಂದರೆ ರಕ್ತನಾಳದ ಸಮೇತ ತಂದು ಕೂರಿಸಿದ ಚರ್ಮ, ಮಾಂಸ. ಆ ನಾಳ ಕಟ್ಟಿದರೆ ಎಲ್ಲವೂ ಕಪ್ಪಾಗಿ ಹೋಗುತ್ತದೆ. ಸಿಸ್ಟರ್ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ತಣ್ಣಗೆ, ಬಿಳಿಚಿಕೊಂಡಿದ್ದರೆ ರಕ್ತ ಬರುತ್ತಿಲ್ಲ. ನೀಲಿಯಾಗಿ ಬಿಗಿದಿದ್ದರೆ ಬಂದದ್ದು ಹಿಂದಿರುಗುತ್ತಿಲ್ಲ. ಆಗ ಕೆಲವೇ ತಾಸಿನೊಳಗೆ ಮತ್ತೆ ಥಿಯೇಟರಿಗೆ ಒಯ್ದರೆ ಉಳಿಸಬಹುದು, ಬೆಳಗಿನ ರೌಂಡ್ಸ್ ತನಕ ಕಾದರೆ ಆಗದು. ನಿದ್ದೆ ಕೆಡುವುದು ಮೊದಲ ಕೆಲವು ದಿನ ಮಾತ್ರ. ತಂಬಾಕು ಕಡಿಮೆ ಎಂದರೂ ನಾಲ್ಕು ವಾರ ಬೇಡ.

ಫ್ಲಾಪ್ ಹೊಸದೆಂಬ ಹೆದರಿಕೆಯೂ ಬೇಡ. ಮೈಸೂರು ಯುದ್ಧದಲ್ಲಿ ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಬಂಡಿಯವನಿಗೆ ಪುಣೆಯ ಕಡೆ ಹಣೆಯ ಚರ್ಮ ಇಳಿಸಿ ಮೂಗು ಕಟ್ಟಿದ ವರದಿ 1794ರಲ್ಲೇ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತ್ತು.

ಪ್ರಶ್ನೆ: ರಾಶಿ ಮಷಿನ್‌ಗೆ ಸಿಕ್ಕು ಬೆರಳು ತುಂಡಾದರೆ ಬರ್ಫದಲ್ಲಿ ಹಾಕಿ ಒಯ್ಯಬೇಕೇ? (ಕಿತ್ತೂರು)

ಉತ್ತರ: ನೇರ ಬರ್ಫದಲ್ಲಿ ಬೇಡ, ಬೆರಳು ಸೆಡೆತು ಹಾಳಾಗುತ್ತದೆ. ಶುದ್ಧ ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಬರ್ಫ ಇರುವ ಡಬ್ಬಿಯಲ್ಲಿಡಿ. ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ 108ಕ್ಕೆ ಫೋನ್ ಮಾಡಿ. ಜಜ್ಜಿದ ಬೆರಳನ್ನು ಕೂಡಿಸುವುದು ಕಷ್ಟ, ಆದರೂ ತುಂಡು ಬಿಟ್ಟು ಹೋಗಬೇಡಿ. ಅದರ ಚರ್ಮವಾದರೂ ಉಪಯೋಗಕ್ಕೆ ಬರಬಹುದು.

ಪ್ರಶ್ನೆ: ಕಣ್ಣಿನಂತೆ ಚರ್ಮವನ್ನೂ ದಾನ ಮಾಡಬಹುದೇ? ಹೆಣ ವಿಕಾರವಾಗುವುದಿಲ್ಲವೇ? (ಬೈಲಹೊಂಗಲ)

ಉತ್ತರ: ಮಾಡಬಹುದು. ಸತ್ತ 6 ತಾಸಿನೊಳಗೆ ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಪದರ ತೆಗೆದು ಪಟ್ಟಿ ಕಟ್ಟುತ್ತಾರೆ. ರಕ್ತ ಸೋರುವುದಿಲ್ಲ, ಮುಖ ಮುಟ್ಟುವುದಿಲ್ಲ. ರಕ್ತದ ಗುಂಪು ಹೊಂದಬೇಕಿಲ್ಲ. ಎಚ್‌ಐವಿ, ಕಾಮಾಲೆಯಂಥ ಸೋಂಕು, ಚರ್ಮದ ಕ್ಯಾನ್ಸರ್ ಇದ್ದವರದು ಬಾರದು. ಬೆಳಗಾವಿಯ ಕೆಎಲ್‌ಇ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಗ್ಲಿಸರಾಲ್‌ನಲ್ಲಿಟ್ಟ ಚರ್ಮ 5 ವರ್ಷದ ತನಕ ಬಾಳುತ್ತದೆ. ಮೈಯೆಲ್ಲ ಸುಟ್ಟು, ಕಸಿಗೆ ತನ್ನದೇ ಚರ್ಮ ಸಾಲದವರಿಗೆ ಅದನ್ನು ತಾತ್ಕಾಲಿಕ ಹೊದಿಕೆಯಾಗಿ ಹಾಕುತ್ತಾರೆ. ಎರಡು ಮೂರು ವಾರದಲ್ಲಿ ಅದು ಉದುರುವ ಹೊತ್ತಿಗೆ ರೋಗಿಯ ಸ್ವಂತ ಚರ್ಮ ತೆಗೆಯುವ ಜಾಗ ಮತ್ತೆ ತಯಾರಾಗಿರುತ್ತದೆ.